ಹಸುವಿನ ಪ್ರಬಂಧದಾಚೆಗೆ: ಐದು, ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಬರೆಯಲು ಕಲಿಸಬಲ್ಲ ಚಿತ್ರಪುಸ್ತಕಗಳು

ಯಾವುದಾದರೂ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿ ಆರನೇ ಕ್ಲಾಸಿನ ಕನ್ನಡ ನೋಟ್‌ಬುಕ್‌ಗಳ ಕಟ್ಟು ಬಿಚ್ಚಿ ನೋಡಿ. ‘ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಅದು ನಮಗೆ ಹಾಲು ಕೊಡುತ್ತದೆ.’ ಮೊದಲನೇ ನೋಟ್‌ಬುಕ್‌ನಲ್ಲೂ ಇದೇ, ಮೂವತ್ತನೇ ನೋಟ್‌ಬುಕ್‌ನಲ್ಲೂ ಇದೇ. ಬೋರ್ಡ್ ಮೇಲೆ ಇದ್ದದ್ದು ಹಾಗೇ ಪುಸ್ತಕಕ್ಕೆ ಇಳಿದಿರುತ್ತದೆ. ಈ ಸಾಲು ಬರೆದವರಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಳಿದು, ಡೇರಿಗೆ ಹಾಲು ಹಾಕಿ ಶಾಲೆಗೆ ಬರುವ ಹುಡುಗಿಯೂ ಇರಬಹುದು. ಮನೆಯ ಹಸು ಕರು ಹಾಕಿದ ರಾತ್ರಿ ಏನೇನಾಯ್ತು ಅಂತ ಕೇಳಿದರೆ ಅವಳು ಅರ್ಧ ಗಂಟೆ ಬಿಡದೆ ಹೇಳಬಲ್ಲಳು. ‘ಬರಿ’ ಅಂದ ಕೂಡಲೇ ನಾಲ್ಕು ಕಾಲಿಗೆ ಬಂದು ನಿಲ್ಲುತ್ತಾಳೆ.

ಹೇಳಬಲ್ಲ ಮಗು ಬರೆಯಲಾರದೆ ಹೋಗುವುದು ಯಾಕೆ? ಅಕ್ಷರ ಬಾರದೆ ಅನ್ನೋದು ಅರ್ಧ ಉತ್ತರ. ಇನ್ನರ್ಧ ಏನಂದರೆ, ಬರವಣಿಗೆ ಅಂದರೆ ತನ್ನದನ್ನು ಹೇಳೋದು ಅಂತ ಆ ಮಗುವಿಗೆ ಯಾರೂ ತೋರಿಸಿಯೇ ಇಲ್ಲ. ತೋರಿಸೋಕೆ ಇರುವ ಅಗ್ಗದ, ಸುಲಭದ, ಆದರೆ ನಾವು ‘ಸಣ್ಣ ಮಕ್ಕಳದ್ದು’ ಅಂತ ಬದಿಗಿಟ್ಟಿರುವ ಸಾಧನವೊಂದಿದೆ. ಅದೇ ಚಿತ್ರಪುಸ್ತಕ. ಅದನ್ನು ಐದರಿಂದ ಏಳನೇ ಕ್ಲಾಸಿನವರೆಗೆ ಹೇಗೆ ಬಳಸಬಹುದು, ಯಾಕೆ ಬಳಸಬೇಕು, ಪುಸ್ತಕ ಎಲ್ಲಿಂದ ತರಬೇಕು ಅನ್ನುವುದರ ವಿವರ ಇಲ್ಲಿದೆ.

ಮೂರನೇ ಕ್ಲಾಸಿಗೆ ನಿಲ್ಲುವ ಚಿತ್ರ

ಕರ್ನಾಟಕದಲ್ಲಿ ಚಿತ್ರ, ಕಾರ್ಡು, ಹಾಡು, ಆಟದ ಮೂಲಕ ಕಲಿಸುವುದು ಹೊಸತೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ ಕಲಿ’ ಆಮೇಲೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಆದರೆ ಅದು ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬರುವಷ್ಟರಲ್ಲಿ ಮಗುವಿನ ಕೈಗೆ ಪಠ್ಯಪುಸ್ತಕ, ಪ್ರಶ್ನೋತ್ತರ, ‘ಬಿಟ್ಟ ಸ್ಥಳ ತುಂಬಿರಿ’ ಬರುತ್ತವೆ. ಪಾಠದ ಪಕ್ಕದಲ್ಲಿ ಚಿತ್ರ ಇರುತ್ತದೆ, ಅದನ್ನು ಕೂತು ನೋಡುವ ಪೀರಿಯಡ್ ಇರುವುದಿಲ್ಲ.

ಬರವಣಿಗೆಯ ಬಗ್ಗೆ ನಮ್ಮ ವ್ಯವಸ್ಥೆಗೆ ಚಿಂತೆ ಕಡಿಮೆ ಅನ್ನೋದಕ್ಕೆ ಇನ್ನೊಂದು ಕುರುಹು ಇದೆ. ಪ್ರತಿ ಸಲ ಸುದ್ದಿಯಾಗುವ ‘ಅಸರ್’ ವರದಿ ಮಗು ಓದುತ್ತದಾ, ಲೆಕ್ಕ ಮಾಡುತ್ತದಾ ಅಂತ ನೋಡುತ್ತದೆ. ಅದರ ಓದಿನ ಪರೀಕ್ಷೆಯ ಅತಿ ಕಷ್ಟದ ಭಾಗ ಎರಡನೇ ತರಗತಿ ಮಟ್ಟದ ಪಠ್ಯ. ನಮ್ಮಲ್ಲಿ 4 ಮತ್ತು 5ನೇ ತರಗತಿಗೆ ಬಂದ ‘ಓದು ಕರ್ನಾಟಕ’ ಕೂಡ ಓದು ಮತ್ತು ಗಣಿತದ್ದೇ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ‘ನಿಪುಣ್ ಭಾರತ್’ ಗುರಿ ಮೂರನೇ ತರಗತಿಯವರೆಗೆ. ಇವೆಲ್ಲ ಬೇಕಾದವೇ. ಆದರೆ ಹನ್ನೊಂದು ಹನ್ನೆರಡು ವರ್ಷದ ಮಗು ತನ್ನ ಮಾತನ್ನು ಒಂದು ಪುಟ ಬರೆಯಬಲ್ಲದಾ ಅನ್ನುವ ಪ್ರಶ್ನೆ ಇವುಗಳ ಮಧ್ಯೆ ಎಲ್ಲೂ ಕೇಳಿಸುವುದಿಲ್ಲ. ಯಾರೂ ಅಳೆಯದ್ದನ್ನು ಯಾರೂ ಕಲಿಸುವುದಿಲ್ಲ.

ಚಿತ್ರಪುಸ್ತಕ ಅಂದರೆ ಯಾವುದು?

ಮಕ್ಕಳಿಗಾಗಿ ಚಿತ್ರ ಹಾಕಿದ ಪುಸ್ತಕಕ್ಕೆ ದೊಡ್ಡ ಇತಿಹಾಸವಿದೆ. ಈಗಿನ ಝೆಕ್ ದೇಶದ ಮೊರಾವಿಯಾದಲ್ಲಿ ಹುಟ್ಟಿದ ಶಿಕ್ಷಣ ಚಿಂತಕ ಕೊಮೇನಿಯಸ್ 1658ರಲ್ಲೇ ಚಿತ್ರಗಳ ಮೂಲಕ ಭಾಷೆ ಕಲಿಸುವ ಪಠ್ಯಪುಸ್ತಕ ತಂದಿದ್ದ. ಆದರೆ ಚಿತ್ರ ಇರುವ ಎಲ್ಲ ಪುಸ್ತಕವೂ ‘ಚಿತ್ರಪುಸ್ತಕ’ ಆಗುವುದಿಲ್ಲ. ಕಥೆಪುಸ್ತಕದ ಚಿತ್ರ ತೆಗೆದುಹಾಕಿದರೂ ಕಥೆ ಉಳಿಯುತ್ತದೆ. ಚಿತ್ರಪುಸ್ತಕದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಅರ್ಧ ಕಥೆ ಮಾತಿನಲ್ಲಿ, ಅರ್ಧ ಕಥೆ ಚಿತ್ರದಲ್ಲಿ ಇರುತ್ತದೆ.

ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ 1968ರಲ್ಲಿ ಮಾಡಿದ ‘ರೋಸೀಸ್ ವಾಕ್’ ನೋಡಿ. ರೋಸಿ ಅನ್ನುವ ಕೋಳಿ ತೋಟದ ಸುತ್ತ ಒಂದು ಸುತ್ತು ಹೋಗಿ, ಊಟದ ಹೊತ್ತಿಗೆ ಗೂಡು ಸೇರುತ್ತದೆ. ಪುಸ್ತಕದ ಮಾತು ಇಷ್ಟೇ, ಇಂಗ್ಲಿಷಿನಲ್ಲಿ ಮೂವತ್ತೆರಡೇ ಪದ. ಆದರೆ ಪ್ರತಿ ಚಿತ್ರದಲ್ಲೂ ಕೋಳಿಯ ಬೆನ್ನಿಗೆ ಒಂದು ನರಿ ಇದೆ. ಹಾರಲು ಹೋಗುತ್ತೆ, ಪೆಟ್ಟು ತಿನ್ನುತ್ತೆ, ಮತ್ತೆ ಹಾರುತ್ತೆ. ನರಿ ಅನ್ನುವ ಪದ ಇಡೀ ಪುಸ್ತಕದ ಮಾತಿನಲ್ಲಿ ಎಲ್ಲೂ ಬರುವುದಿಲ್ಲ. ಓದುವ ಮಗು ‘ಹಿಂದೆ ನೋಡೇ ಕೋಳಿ!’ ಅಂತ ಕೂಗಬೇಕು, ಹಾಗೆ ಕಟ್ಟಿದ್ದಾರೆ.

ಎರಡನೇ ಕ್ಲಾಸಿನ ಮಗು ಇದನ್ನು ನೋಡಿ ನಗುತ್ತದೆ. ಆರನೇ ಕ್ಲಾಸಿನ ಮಗುವನ್ನು ಇನ್ನೊಂದು ಪ್ರಶ್ನೆ ಕೇಳಬಹುದು: ಬರೆದವರು ನರಿಯ ಹೆಸರನ್ನೇ ಯಾಕೆ ಎತ್ತಲಿಲ್ಲ? ಈ ಪ್ರಶ್ನೆ ಬರವಣಿಗೆಯದ್ದು. ದೊಡ್ಡ ಮಕ್ಕಳಿಗೆ ಚಿತ್ರಪುಸ್ತಕ ಬೇಕಾಗುವುದು ಇಲ್ಲಿ. ಸಣ್ಣವರು ಕಥೆಗಾಗಿ ಓದುತ್ತಾರೆ, ದೊಡ್ಡವರು ಕಥೆ ಹೇಗೆ ಮಾಡಿದ್ದಾರೆ ಅಂತ ಬಿಚ್ಚಿ ನೋಡಲು ಓದಬಹುದು. ಹತ್ತು ನಿಮಿಷದಲ್ಲಿ ಪೂರ್ತಿ ಮುಗಿಯುತ್ತದೆ, ಅದೇ ಪೀರಿಯಡ್‌ನಲ್ಲಿ ಇನ್ನೊಮ್ಮೆ ಓದಬಹುದು. ನೂರು ಪುಟದ ಕಾದಂಬರಿ ಇಟ್ಟುಕೊಂಡು ‘ಆರಂಭ ಹೇಗಿದೆ, ಅಂತ್ಯ ಹೇಗಿದೆ’ ಅಂತ ತೋರಿಸೋಕೆ ಆಗುತ್ತಾ?

ಏನೇನು ಕಲಿಸಬಹುದು?

*ನೋಡುವುದು.* ನಮ್ಮ ಪರೀಕ್ಷೆಗಳಲ್ಲೂ ‘ಚಿತ್ರ ನೋಡಿ ಐದು ವಾಕ್ಯ ಬರೆಯಿರಿ’ ಇದೆ. ಮಕ್ಕಳು ಏನು ಬರೀತಾರೆ? ‘ಇದು ಬಸ್ ನಿಲ್ದಾಣ. ಇಲ್ಲಿ ಅಜ್ಜಿ ಇದ್ದಾರೆ. ಇಲ್ಲಿ ನಾಯಿ ಇದೆ.’ ಇದು ಪಟ್ಟಿ. ತಪ್ಪು ಮಕ್ಕಳದ್ದಲ್ಲ, ಪ್ರಶ್ನೆಯೇ ಪಟ್ಟಿ ಕೇಳುತ್ತಿದೆ. ಅದೇ ಚಿತ್ರ ತೋರಿಸಿ, ಅಜ್ಜಿ ಚೀಲವನ್ನು ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದಿದ್ದಾಳೆ, ಅದರಲ್ಲಿ ಏನಿರಬಹುದು, ಎಷ್ಟು ಹೊತ್ತಿನಿಂದ ಕೂತಿದ್ದಾಳೆ ಅಂತ ಕೇಳಿ. ಆಗ ‘ಮೂರು ಬಸ್ಸು ಬಂದು ಹೋದವು. ಅಜ್ಜಿ ಮಾತ್ರ ಏಳಲಿಲ್ಲ’ ಅನ್ನುವಂಥ ಸಾಲು ಹುಟ್ಟುವ ಸಾಧ್ಯತೆ ಇದೆ. ಕಣ್ಣಿಗೆ ಕಂಡದ್ದು, ಅದರಿಂದ ಊಹಿಸಿದ್ದು, ಊಹೆಗೆ ಕಾರಣ, ಈ ಮೂರನ್ನೂ ಬೇರೆಬೇರೆ ಮಾಡಿ ನೋಡಲು ಕಲಿತ ಮಗು ವಿಜ್ಞಾನದ ಪ್ರಯೋಗದ ಬಗ್ಗೆಯೂ ಚೆನ್ನಾಗಿ ಬರೆಯುತ್ತದೆ.

*ಕಥೆಯ ಕಟ್ಟು.* ಪ್ರಥಮ್ ಬುಕ್ಸ್ ಪ್ರಕಟಿಸಿದ, ರೋಹಿಣಿ ನಿಲೇಕಣಿ ಬರೆದ ಶೃಂಗೇರಿ ಶ್ರೀನಿವಾಸನ ಕಥೆ ಹಲವು ಶಾಲೆಗಳಲ್ಲಿ ಮಕ್ಕಳಿಗೆ ಗೊತ್ತು. ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳುವ ಶ್ರೀನಿವಾಸ ಒಬ್ಬೊಬ್ಬರ ಬಳಿಯೂ ಹೋಗುತ್ತಾನೆ. ಎಲ್ಲರಿಗೂ ಕೆಲಸ, ಯಾರಿಗೂ ಪುರುಸೊತ್ತಿಲ್ಲ. ಕೊನೆಗೆ ಹುಲಿ ಎದುರಾಗುತ್ತದೆ. ಇಲ್ಲಿ ಒಂದು ಅಚ್ಚು ಇದೆ: ಒಬ್ಬನಿಗೆ ಒಂದು ಬೇಕು, ಕೇಳಿದಲ್ಲೆಲ್ಲ ಇಲ್ಲ ಅನ್ನುತ್ತಾರೆ, ಎಣಿಸದ ಕಡೆಯಿಂದ ದಾರಿ ಸಿಗುತ್ತದೆ. ಈ ಅಚ್ಚನ್ನು ಮಕ್ಕಳೇ ಕಂಡುಹಿಡಿಯಲಿ. ಆಮೇಲೆ ಅದರಲ್ಲಿ ತಮ್ಮೂರಿನ ಕಥೆ ಹೊಯ್ಯಲಿ. ರೇಷನ್ ಕಾರ್ಡಿಗೆ ಅಲೆದ ಅಪ್ಪ, ಸೈಕಲ್ ಪಂಕ್ಚರ್ ಹಾಕಿಸಲು ಊರೆಲ್ಲ ತಿರುಗಿದ ಅಣ್ಣ, ಹೀಗೆ. ಅಚ್ಚು ಎರವಲು, ಹೊಯ್ದದ್ದು ಸ್ವಂತ. ಬರೆಯುವವರೆಲ್ಲ ಹೀಗೇ ಕಲಿತದ್ದು.

*ಯಾರ ಬಾಯಲ್ಲಿ ಕಥೆ?* ಜಾನ್ ಕ್ಲಾಸೆನ್ ಅವರ ‘ದಿಸ್ ಈಸ್ ನಾಟ್ ಮೈ ಹ್ಯಾಟ್’ (2012) ಪುಸ್ತಕದಲ್ಲಿ ಒಂದು ಪುಟ್ಟ ಮೀನು ದೊಡ್ಡ ಮೀನಿನ ಟೋಪಿ ಕದ್ದು ಓಡುತ್ತಾ ಕಥೆ ಹೇಳುತ್ತದೆ. ಅವನಿಗೆ ಎಚ್ಚರವಾಗಿರಲ್ಲ, ಗೊತ್ತಾಗಲ್ಲ ಅಂತ ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತದೆ. ಚಿತ್ರದಲ್ಲಿ ದೊಡ್ಡ ಮೀನು ಆಗಲೇ ಕಣ್ಣು ಬಿಟ್ಟಿದೆ. ಹೇಳುವವರ ಮಾತನ್ನೆಲ್ಲ ನಂಬಬೇಕಿಲ್ಲ ಅನ್ನುವುದು ಇಷ್ಟು ಸುಲಭವಾಗಿ ಇನ್ನೆಲ್ಲಿ ಅರ್ಥವಾದೀತು? ಇದೇ ಕಥೆಯನ್ನು ದೊಡ್ಡ ಮೀನಿನ ಬಾಯಲ್ಲಿ ಬರೆಸಿ. ಘಟನೆ ಅದೇ, ಪದಗಳೆಲ್ಲ ಬದಲಾಗುತ್ತವೆ. ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ಸತ್ಯ ಅಂದುಕೊಳ್ಳುವ ಕಾಲದಲ್ಲಿ ಈ ಒಂದು ಅಭ್ಯಾಸಕ್ಕೆ ಬೆಲೆ ಜಾಸ್ತಿ.

*ಕ್ರಮವಾಗಿ ವಿವರಿಸುವುದು.* ರಾಜೀವ್ ಐಪ್ ಅವರ ಅಮ್ಮಚ್ಚಿಯ ಯಂತ್ರಗಳ ಪುಸ್ತಕದಲ್ಲಿ ಅಜ್ಜಿ ಮತ್ತು ಮೊಮ್ಮಗ ಸೂರಜ್ ಸೇರಿ, ರಾಟೆ, ಸನ್ನೆಯಂಥ ಸರಳ ಯಂತ್ರ ಬಳಸಿ ಕೊಬ್ಬರಿ ಬರ್ಫಿ ಮಾಡುತ್ತಾರೆ. ‘ಮೊದಲು, ಆಮೇಲೆ, ಅಷ್ಟರಲ್ಲಿ, ಕೊನೆಗೆ’ ಅನ್ನುವ ಪದಗಳು ಯಾಕೆ ಬೇಕು ಅಂತ ವ್ಯಾಕರಣದ ಪಾಠ ಮಾಡಬೇಕಿಲ್ಲ. ರಾಗಿ ಮುದ್ದೆ ಮಾಡೋದು ಹೇಗೆ ಅಂತ ಬರೆಸಿ, ಪಕ್ಕದವರಿಗೆ ಓದಲು ಕೊಡಿ. ನೀರು ಕುದಿಯುವುದಕ್ಕೆ ಮೊದಲೇ ಹಿಟ್ಟು ಬಿದ್ದಿದ್ದರೆ ಅವರೇ ಹೇಳುತ್ತಾರೆ.

*ಪ್ರಶ್ನೆ ಕೇಳುವ ಬರವಣಿಗೆ.* ಮಹಾಶ್ವೇತಾ ದೇವಿ ಅವರ ಕಥೆಯೊಂದರಲ್ಲಿ ಮೊಯ್ನಾ ಅನ್ನುವ ಶಬರ ಹುಡುಗಿ ಎಲ್ಲಕ್ಕೂ ‘ಯಾಕೆ?’ ಅನ್ನುತ್ತಾಳೆ. ಚೆನ್ನೈನ ತೂಲಿಕಾ ಅದನ್ನು ಚಿತ್ರಪುಸ್ತಕವಾಗಿ ತಂದಿದೆ. ಅದನ್ನು ಓದಿ, ತಮ್ಮೂರಿನ ಬಗ್ಗೆ ಪ್ರತಿ ಮಗುವೂ ಐದು ‘ಯಾಕೆ’ ಬರೆಯಲಿ. ಅದರಲ್ಲಿ ಒಂದಕ್ಕೆ ಯಾರನ್ನಾದರೂ ಕೇಳಿ ಉತ್ತರ ಬರೆದು ತರಲಿ. ವರದಿ ಬರೆಯುವುದು ಇಲ್ಲಿಂದ ಶುರು.

*ಮಾತೇ ಇಲ್ಲದ ಪುಸ್ತಕ.* ಅಮೆರಿಕದ ಕ್ರಿಸ್ ವಾನ್ ಆಲ್ಸ್‌ಬರ್ಗ್ 1984ರಲ್ಲಿ ತಂದ ‘ದಿ ಮಿಸ್ಟರೀಸ್ ಆಫ್ ಹ್ಯಾರಿಸ್ ಬರ್ಡಿಕ್’ ಪುಸ್ತಕದಲ್ಲಿ ಹದಿನಾಲ್ಕು ಕಪ್ಪು ಬಿಳುಪು ಚಿತ್ರಗಳಿವೆ. ಪ್ರತಿ ಚಿತ್ರಕ್ಕೂ ಒಂದು ಶೀರ್ಷಿಕೆ, ಒಂದೆರಡು ಸಾಲು, ಅಷ್ಟೇ. ಕಥೆ ಇಲ್ಲ. ಅದನ್ನು ಹಿಡಿದು ಅಲ್ಲಿನ ಶಾಲಾಮಕ್ಕಳು ದಶಕಗಳಿಂದ ಕಥೆ ಬರೆಯುತ್ತಿದ್ದಾರೆ. 2011ರಲ್ಲಿ ಸ್ಟೀಫನ್ ಕಿಂಗ್ ಸೇರಿದಂತೆ ಹೆಸರಾಂತ ಲೇಖಕರೇ ಆ ಚಿತ್ರಗಳಿಗೆ ಕಥೆ ಬರೆದರು. ಆಸ್ಟ್ರೇಲಿಯಾದ ಶಾನ್ ಟಾನ್ ಅವರ ‘ದಿ ಅರೈವಲ್’ (2006) ಇನ್ನೂ ಗಂಭೀರವಾದದ್ದು. ಹೆಂಡತಿ ಮಗಳನ್ನು ಬಿಟ್ಟು ಪರದೇಶಕ್ಕೆ ದುಡಿಯಲು ಹೋದವನೊಬ್ಬನ ಇಡೀ ಕಥೆ ಚಿತ್ರದಲ್ಲೇ ಇದೆ. ಭಾಷೆ ತಿಳಿಯದ ಊರು, ಓದಲಾಗದ ಬೋರ್ಡು, ಗುರುತಿಲ್ಲದ ಊಟ. ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ ಬಂದ ಏಳನೇ ಕ್ಲಾಸಿನ ಮಗುವಿಗೆ ಈ ಚಿತ್ರಗಳನ್ನು ಯಾರೂ ವಿವರಿಸಬೇಕಿಲ್ಲ. ಆ ಮಗು ಬರೆದದ್ದನ್ನು ಉಳಿದವರು ಓದಬೇಕು.

ಒಂದು ಪುಸ್ತಕ, ಐದು ಪೀರಿಯಡ್

ಇದನ್ನೆಲ್ಲ ಮಾಡೋಕೆ ಟೈಮ್ ಎಲ್ಲಿದೆ ಅನ್ನೋ ಮೇಷ್ಟ್ರಿಗೆ, ಟೀಚರಿಗೆ, ತಿಂಗಳಿಗೆ ಒಂದು ವಾರ ಸಾಕು.

ಸೋಮವಾರ ಪುಸ್ತಕವನ್ನು ಜೋರಾಗಿ ಓದಿ. ಪ್ರಶ್ನೆ ಬೇಡ, ನೀತಿ ಬೇಡ. ಚಿತ್ರ ಕೊನೇ ಬೆಂಚಿಗೂ ಕಾಣುವ ಹಾಗೆ ಹಿಡಿಯಿರಿ. ಪ್ರತಿ ಪುಟ ತಿರುಗಿಸುವ ಮೊದಲು ಒಂದು ಕ್ಷಣ ನಿಲ್ಲಿ. ಮುಂದೇನು ಅಂತ ಅವರೇ ಕೂಗುತ್ತಾರೆ.

ಮಂಗಳವಾರ ಎರಡನೇ ಓದು. ಈ ಸಲ ‘ಇದನ್ನು ಹೇಗೆ ಮಾಡಿದ್ದಾರೆ’ ಅನ್ನುವ ಒಂದೇ ವಿಷಯ ಹಿಡಿಯಿರಿ. ಮೊದಲ ಸಾಲು, ಮತ್ತೆ ಮತ್ತೆ ಬರುವ ಮಾತು, ಹೇಳದೆ ಬಿಟ್ಟದ್ದು, ಇವುಗಳಲ್ಲಿ ಯಾವುದಾದರೂ ಒಂದು. ನಾಲ್ಕೂ ಐದೂ ಒಟ್ಟಿಗೆ ತುರುಕಿದರೆ ಮತ್ತೆ ಪಾಠವೇ ಆಗುತ್ತದೆ.

ಬುಧವಾರ ಪೆನ್ನು ಮುಟ್ಟುವ ಮೊದಲು ಮಾತು. ಇಬ್ಬಿಬ್ಬರು ಕೂತು, ತಾವು ಬರೆಯಬೇಕೆಂದಿರುವುದನ್ನು ಒಬ್ಬರಿಗೊಬ್ಬರು ಹೇಳಲಿ. ಅಕ್ಷರ ತಡವರಿಸುವ ಮಗು ಚಿತ್ರ ಬರೆಯಲಿ, ಕೆಳಗೆ ಒಂದು ಸಾಲು ಹಾಕಲಿ. ಒಂದು ಹಾಳೆ ಎಂಟು ಮಡಿಕೆ ಮಾಡಿದರೆ ಎಂಟು ಮನೆ. ಮನೆಗೊಂದು ಚಿತ್ರದಂತೆ ಕಥೆಯ ನಕ್ಷೆ ಸಿದ್ಧ.

ಗುರುವಾರ ಬರೆಯುವ ದಿನ. ಇಪ್ಪತ್ತೈದು ನಿಮಿಷ ಎಲ್ಲರೂ ಬರೆಯಬೇಕು, ಮೇಷ್ಟ್ರೂ ಸೇರಿ. ಈ ಮಾತು ತಮಾಷೆಗೆ ಹೇಳಿದ್ದಲ್ಲ. ಮೇಷ್ಟ್ರು ಬರೆದು, ಹೊಡೆದು ಹಾಕಿ, ಮತ್ತೆ ಬರೆಯುವುದನ್ನು ಮಕ್ಕಳು ಕಣ್ಣಾರೆ ನೋಡಿದರೆ ಬರವಣಿಗೆ ಒಂದೇ ಸಲಕ್ಕೆ ಶುದ್ಧವಾಗಿ ಬರುವ ವಸ್ತು ಅಲ್ಲ ಅಂತ ಗೊತ್ತಾಗುತ್ತದೆ.

ಶುಕ್ರವಾರ ಓದಿ ಹೇಳುವುದು, ತಿದ್ದುವುದು. ಕೇಳಿದವರು ಎರಡೇ ಮಾತು ಹೇಳಲಿ: ಯಾವ ಸಾಲು ಮನಸ್ಸಲ್ಲಿ ಉಳೀತು, ಎಲ್ಲಿ ಅರ್ಥವಾಗಲಿಲ್ಲ. ಆಮೇಲೆ ಹಾಳೆಗಳನ್ನು ಹೊಲಿದು ತರಗತಿಯ ಪುಸ್ತಕ ಮಾಡಿ, ಒಂದು ಮತ್ತು ಎರಡನೇ ಕ್ಲಾಸಿನ ಮಕ್ಕಳಿಗೆ ಓದಲು ಕೊಡಿ. ತಾನು ಬರೆದದ್ದನ್ನು ಓದುವವರು ಇದ್ದಾರೆ ಅಂದರೆ ಮಗು ಅಕ್ಷರವನ್ನೂ ಗಮನಿಸಿ ಬರೆಯುತ್ತದೆ. ನಾಲ್ಕೈದು ತರಗತಿ ಒಂದೇ ಕೋಣೆಯಲ್ಲಿ ಕೂರುವ ಏಕೋಪಾಧ್ಯಾಯ ಶಾಲೆಗೂ ಇದು ನಡೆಯುತ್ತದೆ. ಪುಸ್ತಕ ಒಂದೇ, ಬರೆಯುವುದು ಅವರವರ ಮಟ್ಟಕ್ಕೆ.

ಕೆಂಪು ಪೆನ್ನು ಮತ್ತು ಮನೆಮಾತು

ಕನ್ನಡ ಬರೆಯುವ ಮಗುವಿನ ಕಷ್ಟ ನಿಜವಾದದ್ದು. ಕಾಗುಣಿತ, ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ, ಇವೆಲ್ಲ ಸರಿಯಾಗಬೇಕು, ಅದರಲ್ಲಿ ರಿಯಾಯಿತಿ ಬೇಡ. ಆದರೆ ಮೊದಲ ಕರಡಿನ ಮೇಲೇ ಇಪ್ಪತ್ತು ಕೆಂಪು ಸುತ್ತು ಬಿದ್ದರೆ ಮಗು ಕಲಿಯುವ ಪಾಠ ಒಂದೇ: ಕಡಿಮೆ ಬರೆದರೆ ಕಡಿಮೆ ತಪ್ಪು. ಹಾಗಾಗಿಯೇ ಅದು ‘ಹಸು ಒಂದು ಸಾಕುಪ್ರಾಣಿ’ಗೆ ವಾಪಸ್ ಹೋಗೋದು. ಮೊದಲ ಸುತ್ತಿನಲ್ಲಿ ಏನು ಹೇಳಿದೆ ಅಂತ ನೋಡಿ. ಎರಡನೇ ಸುತ್ತಿನಲ್ಲಿ ಒಂದೇ ಬಗೆಯ ತಪ್ಪನ್ನು ಆರಿಸಿಕೊಳ್ಳಿ. ಈ ವಾರ ಒತ್ತಕ್ಷರ ಅಂದರೆ ಒತ್ತಕ್ಷರ ಮಾತ್ರ.

ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಮಕ್ಕಳ ಮನೆಮಾತು ಪಠ್ಯಪುಸ್ತಕದ ಕನ್ನಡ ಅಲ್ಲ. ಧಾರವಾಡದ ಮಗು ‘ಹೋಗ್ಯಾನ’ ಅನ್ನುತ್ತೆ, ಮಂಡ್ಯದ್ದು ‘ಹೋಗವ್ನೆ’ ಅನ್ನುತ್ತೆ. ತಾಂಡಾದ ಮಗುವಿಗೆ ಲಂಬಾಣಿ, ಕರಾವಳಿಯ ಮಗುವಿಗೆ ತುಳುವೋ ಬ್ಯಾರಿಯೋ, ಎಷ್ಟೋ ಮಕ್ಕಳಿಗೆ ಉರ್ದು, ತೆಲುಗು. ಪಠ್ಯದ ಸಾಲು ಇಟ್ಟುಕೊಂಡು ಮಾತಾಡಿ ಅಂದರೆ ಇವರು ಸುಮ್ಮನಾಗುತ್ತಾರೆ. ಚಿತ್ರಕ್ಕೆ ಅಂಥ ಒಂದು ಭಾಷೆ ಇಲ್ಲ. ಅದರ ಬಗ್ಗೆ ಯಾವ ಮಾತಿನಲ್ಲೂ ಹೇಳಬಹುದು. ಮೊದಲು ಮನೆಮಾತಲ್ಲಿ ಹೇಳಲಿ, ಪಾತ್ರಗಳ ಸಂಭಾಷಣೆ ಮನೆಮಾತಲ್ಲೇ ಬರೆಯಲಿ, ನಿರೂಪಣೆ ನಿಧಾನವಾಗಿ ಶಾಲೆಯ ಕನ್ನಡಕ್ಕೆ ಬರಲಿ. ಕನ್ನಡದ ದೊಡ್ಡ ಕಥೆಗಾರರೆಲ್ಲ ಸಂಭಾಷಣೆಯಲ್ಲಿ ಊರ ಮಾತು ತಂದವರೇ ಅಲ್ವಾ? ಅವರಿಗೆ ಕೊಟ್ಟ ಸ್ವಾತಂತ್ರ್ಯ ಆರನೇ ಕ್ಲಾಸಿನ ಹುಡುಗನಿಗೂ ಸಲ್ಲಬೇಕು.

ಪುಸ್ತಕ ಎಲ್ಲಿ ಸಿಗುತ್ತದೆ?

ದುಡ್ಡಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ನಾಲ್ಕು ಓದಿನ ಹಂತಗಳಾಗಿ ವಿಂಗಡಿಸಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಬೇರೆ ಭಾಷೆಗೆ ತರಬಹುದು. ಏಳನೇ ಕ್ಲಾಸಿನ ಮಕ್ಕಳಿಂದ ಒಂದು ಪುಸ್ತಕವನ್ನು ತಮ್ಮ ಮನೆಮಾತಿಗೆ ಅನುವಾದ ಮಾಡಿಸಿ ನೋಡಿ, ಅದಕ್ಕಿಂತ ಒಳ್ಳೆ ಭಾಷಾ ಪಾಠ ಇಲ್ಲ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆ ಮತ್ತು ತೂಲಿಕಾದ ಪುಸ್ತಕಗಳು ಕನ್ನಡದಲ್ಲೂ ಇವೆ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಗ್ರಂಥಾಲಯಕ್ಕೆ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ 2020ರಲ್ಲಿ ಮಕ್ಕಳಿಗಾಗಿಯೇ ‘ಓದುವ ಬೆಳಕು’ ಶುರುವಾಯಿತು. ಅವು ಈಗ ‘ಅರಿವು ಕೇಂದ್ರ’ಗಳು. ಶಾಲೆಗೂ ಅರಿವು ಕೇಂದ್ರಕ್ಕೂ ಎಷ್ಟೋ ಊರಲ್ಲಿ ಕೂಗಳತೆಯ ದೂರ. ಇರುವ ಪುಸ್ತಕ ಬಳಕೆಯಾಗದಿರುವುದೇ ದೊಡ್ಡ ಸಮಸ್ಯೆ. ಪುಸ್ತಕ ಹರಿದರೆ, ಕಳೆದರೆ ಲೆಕ್ಕ ಕೊಡಬೇಕಲ್ಲ ಅನ್ನುವ ಭಯಕ್ಕೆ ಹೆಡ್ ಮಾಸ್ಟರ್ ಕೋಣೆಯ ಬೀರುವಿಗೆ ಬೀಗ ಬೀಳುತ್ತದೆ. ಓದಿ ಹರಿದ ಪುಸ್ತಕವನ್ನು ನಷ್ಟ ಅಂತ ಬರೆಯದೆ ಬಳಕೆ ಅಂತ ಬರೆಯಲು ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಅರ್ಧ ಬೀಗ ತೆರೆಯುತ್ತವೆ.

ಆಕ್ಷೇಪಗಳು

‘ದೊಡ್ಡ ಮಕ್ಕಳು ನಮಗಿದು ಬೇಡ ಅಂತಾರೆ’ ಅನ್ನುವ ಮಾತಿದೆ. ಅಂತಾರೆ, ಪುಟ್ಟ ಮಕ್ಕಳಿಗೆ ಓದಿದ ಹಾಗೆ ಓದಿದರೆ. ಇವನ್ನು ಹೇಗೆ ಮಾಡಿದ್ದಾರೆ ಅಂತ ಕಂಡುಹಿಡಿಯೋಣ, ಕಿರಿಯರಿಗೆ ನಾವೇ ಮಾಡಿಕೊಡೋಣ ಅಂದರೆ ಹಾಗನ್ನುವುದಿಲ್ಲ. ‘ಸಿಲಬಸ್ ಮುಗಿಯಲ್ಲ’ ಅನ್ನುವುದು ಇನ್ನೊಂದು. ಪ್ರಬಂಧ, ಪತ್ರ, ಕಥೆ ವಿಸ್ತರಣೆ, ಸಂಭಾಷಣೆ ಎಲ್ಲವೂ ಸಿಲಬಸ್‌ನಲ್ಲೇ ಇವೆ. ಹೇಗೂ ಕಲಿಸಬೇಕಾದದ್ದನ್ನು ಈ ದಾರಿಯಲ್ಲಿ ಕಲಿಸಬಹುದು ಅಷ್ಟೇ.

ಇದಕ್ಕೊಂದು ಮಿತಿಯೂ ಇದೆ. ಚಿತ್ರಪುಸ್ತಕ ಒಂದರಿಂದಲೇ ಎಲ್ಲ ಬರುವುದಿಲ್ಲ. ಅಕ್ಷರವೇ ಗಟ್ಟಿಯಾಗದ ಐದನೇ ಕ್ಲಾಸಿನ ಮಗುವಿಗೆ ಅದರ ಅಭ್ಯಾಸ ಬೇರೆಯಾಗಿ ಬೇಕು. ಉದ್ದನೆಯ ಪಠ್ಯ ಓದುವುದು, ಮಾಹಿತಿ ಹುಡುಕಿ ಬರೆಯುವುದು ಬೇರೆ ಕಲಿಕೆ. ಬರೇ ಚಿತ್ರ ತೋರಿಸಿ ‘ಬರೀರಿ’ ಅಂದು ಸಿಬ್ಬಂದಿ ಕೋಣೆಗೆ ಹೋದರೆ ಮತ್ತೆ ಪಟ್ಟಿಯೇ ಸಿಗುತ್ತದೆ. ಮೇಷ್ಟ್ರು ಅಲ್ಲಿ ಇರಬೇಕು, ಕೇಳಬೇಕು, ತಾವೂ ಬರೆಯಬೇಕು. ಮೇಷ್ಟ್ರನ್ನು ಜನಗಣತಿ, ಚುನಾವಣೆ, ಮೊಟ್ಟೆ ಲೆಕ್ಕಕ್ಕೆ ಓಡಿಸುತ್ತಾ ಇದೆಲ್ಲ ಮಾಡಿ ಅನ್ನುವುದೂ ಅನ್ಯಾಯವೇ.

ಅರ್ಜಿ ಬರೆಯುವವರು ಯಾರು?

ಯಾವುದೇ ತಾಲ್ಲೂಕು ಕಚೇರಿಯ ಮುಂದೆ, ಮರದ ಕೆಳಗೆ, ಒಂದು ಟೇಬಲ್ಲು ಹಾಕಿಕೊಂಡು ಅರ್ಜಿ ಬರೆದುಕೊಡುವವರು ಕೂತಿರುತ್ತಾರೆ. ಎದುರಿಗೆ ಏಳೋ ಹತ್ತೋ ಓದಿದವರೂ ನಿಂತಿರುತ್ತಾರೆ. ಅವರಿಗೆ ಅಕ್ಷರ ಬರುತ್ತದೆ, ಸಹಿ ಮಾಡುತ್ತಾರೆ, ಪೇಪರ್ ಓದುತ್ತಾರೆ. ತನ್ನ ಹೊಲದ ಪಹಣಿಯಲ್ಲಿ ಆದ ತಪ್ಪನ್ನು, ನಿಂತುಹೋದ ಪಿಂಚಣಿಯನ್ನು ಒಂದು ಪುಟದಲ್ಲಿ ತಾನೇ ಬರೆದು ಹೇಳುವ ಧೈರ್ಯ ಮಾತ್ರ ಇಲ್ಲ. ಮೊದಲು ಏನಾಯ್ತು, ಆಮೇಲೆ ಏನಾಯ್ತು, ಯಾರು ಏನಂದರು, ನನಗೆ ಏನು ಬೇಕು. ಅರ್ಜಿ ಅಂದರೆ ಇಷ್ಟೇ. ಕಥೆ ಅಂದರೂ ಹೆಚ್ಚುಕಡಿಮೆ ಇಷ್ಟೇ.

ಖಾಸಗಿ ಶಾಲೆಯ ಮಗುವಿಗೆ ಮನೆಯಲ್ಲಿ ಪುಸ್ತಕದ ಕಪಾಟಿದೆ, ಬೇಸಿಗೆ ಶಿಬಿರವಿದೆ, ಬರೆದದ್ದನ್ನು ಓದುವ ಅಮ್ಮ ಅಪ್ಪ ಇದ್ದಾರೆ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬರುವ ಹುಡುಗಿಗೆ ಇರುವುದು ಶಾಲೆ ಒಂದೇ. ಅವಳ ಹಸು ಕರು ಹಾಕಿದ ರಾತ್ರಿಯನ್ನು ಅವಳೇ ಬರೆಯಲಿ. ಅದಕ್ಕೆ ಬೀರುವಿನ ಬೀಗ ತೆಗೆದು ಒಂದು ಚಿತ್ರಪುಸ್ತಕ ಹೊರತೆಗೆದರೆ ಶುರು ಮಾಡಬಹುದು.